‘ಐದು ರೂಪಾಯಿ ಆಪ್ಶನ್ ಎಂಬತ್ತು ರೂಪಾಯಿ ಆಯ್ತು!’ ಈ ಫಾರ್ವರ್ಡ್ ಹೇಳದ ಲೆಕ್ಕ ಇಲ್ಲಿದೆ

ನಿಮ್ಮ ಫೋನಿಗೂ ಇಂಥದ್ದೊಂದು ಬಂದಿರಬಹುದು. ಹಸಿರು ಬಣ್ಣದಲ್ಲಿ ಮಿನುಗುವ ಒಂದು ಸ್ಕ್ರೀನ್‌ಶಾಟ್. ಕೆಳಗೆ ನಾಲ್ಕು ಸಾಲು: “ಸೋಮವಾರ 5 ರೂಪಾಯಿಗೆ ತಗೊಂಡ ಆಪ್ಶನ್ ಗುರುವಾರ 80 ರೂಪಾಯಿ! ಹೋದ್ರೆ ಬರೀ ಐದು ರೂಪಾಯಿ, ಬಂದ್ರೆ ಲೆಕ್ಕವೇ ಇಲ್ಲ. ನಮ್ಮ ಸಾಫ್ಟ್‌ವೇರ್ ನೊಬೆಲ್ ಪ್ರಶಸ್ತಿ ಪಡೆದ ಸೂತ್ರದ ಮೇಲೆ ಕೆಲಸ ಮಾಡುತ್ತೆ. ಗ್ರೂಪ್ ಸೇರಲು ಲಿಂಕ್ ಒತ್ತಿ.”

ಇದರಲ್ಲಿ ಸುಳ್ಳು ಯಾವುದು, ನಿಜ ಯಾವುದು? ಸೋಜಿಗವೆಂದರೆ ಐದು ಎಂಬತ್ತಾಗುವುದು ಸುಳ್ಳೇನಲ್ಲ, ಹಾಗೆ ಆಗುವುದುಂಟು. ನೊಬೆಲ್ ಸೂತ್ರ ಇರುವುದೂ ನಿಜ. ಈ ಎರಡು ನಿಜಗಳನ್ನು ಜೋಡಿಸಿ ಹೊಲಿದ ತೀರ್ಮಾನ ಮಾತ್ರ ತಪ್ಪು. ಎಲ್ಲಿ ತಪ್ಪು ಎಂದು ತಿಳಿಯಬೇಕಾದರೆ ಆಪ್ಶನ್‌ಗೆ ಬೆಲೆ ಕಟ್ಟುವುದು ಹೇಗೆ ಎಂಬುದನ್ನು ಒಮ್ಮೆ ನೋಡಬೇಕು. ಹೆದರಬೇಡಿ, ಕೂಡುವುದು, ಕಳೆಯುವುದು, ಅರ್ಧ ಮಾಡುವುದು ಗೊತ್ತಿದ್ದರೆ ಸಾಕು.

ಆಪ್ಶನ್ ಎಂದರೇನು?

ನಿಮಗೊಂದು ಸೈಟು ಇಷ್ಟವಾಗಿದೆ, ಆದರೆ ಇನ್ನೂ ಮನಸ್ಸು ಗಟ್ಟಿಯಾಗಿಲ್ಲ ಎಂದುಕೊಳ್ಳಿ. ಮಾಲೀಕರಿಗೆ ಒಂದಿಷ್ಟು ಹಣ ಕೊಟ್ಟು, “ಮೂರು ತಿಂಗಳೊಳಗೆ ಇದೇ ಬೆಲೆಗೆ ಕೊಳ್ಳುವ ಹಕ್ಕು ನನಗಿರಲಿ” ಎಂದು ಬರೆಸಿಕೊಳ್ಳುತ್ತೀರಿ. ಬೆಲೆ ಏರಿದರೆ ಹಳೆಯ ಬೆಲೆಗೇ ಕೊಳ್ಳಬಹುದು. ಇಳಿದರೆ ಬೇಡ ಎನ್ನಬಹುದು, ಕೊಟ್ಟ ಹಣ ಮಾತ್ರ ವಾಪಸ್ ಬರುವುದಿಲ್ಲ.

ಶೇರು ಪೇಟೆಯ ಕಾಲ್ ಆಪ್ಶನ್ ಹೆಚ್ಚುಕಡಿಮೆ ಇದೇ. ಒಂದು ವ್ಯತ್ಯಾಸ: ಸೈಟಿನ ಟೋಕನ್ ಹಣ ಸಾಮಾನ್ಯವಾಗಿ ಕೊನೆಯ ಬೆಲೆಯಲ್ಲಿ ವಜಾ ಆಗುತ್ತದೆ, ಆಪ್ಶನ್‌ಗೆ ಕೊಟ್ಟ ಹಣ ಆಗುವುದಿಲ್ಲ. ಆ ಹಣಕ್ಕೆ ‘ಪ್ರೀಮಿಯಂ’ ಎನ್ನುತ್ತಾರೆ. ಮೊದಲೇ ಗೊತ್ತುಮಾಡಿದ ಬೆಲೆ ‘ಸ್ಟ್ರೈಕ್ ಪ್ರೈಸ್’. ಹಕ್ಕು ಮುಗಿಯುವ ದಿನ ‘ಎಕ್ಸ್‌ಪೈರಿ’. ಕೊಳ್ಳುವ ಹಕ್ಕಿಗೆ ಬದಲು ಮಾರುವ ಹಕ್ಕಾದರೆ ಅದು ‘ಪುಟ್’.

ಈಗ ಪ್ರಶ್ನೆ: ಆ ಹಕ್ಕಿಗೆ ಎಷ್ಟು ಕೊಟ್ಟರೆ ನ್ಯಾಯ? ಐದು ರೂಪಾಯಿಯೋ, ಐವತ್ತೋ?

ಒಂದು ದಿನದ ಲೆಕ್ಕ

1,000 ರೂಪಾಯಿಯ ಒಂದು ಶೇರು ಇದೆ ಎಂದುಕೊಳ್ಳೋಣ. ನಾಳೆ ಅದು 40 ರೂಪಾಯಿ ಏರಬಹುದು ಅಥವಾ 40 ರೂಪಾಯಿ ಇಳಿಯಬಹುದು, ಮೂರನೆಯ ದಾರಿ ಇಲ್ಲ. (ದೊಡ್ಡ ಕಂಪನಿಗಳ ಶೇರು ದಿನವೂ ಇಷ್ಟು ಏರಿಳಿಯುವುದು ಅಪರೂಪ. ಲೆಕ್ಕ ಸುಲಭವಾಗಲಿ ಎಂದು ಹೀಗೆ ಇಟ್ಟುಕೊಂಡಿದ್ದೇವೆ. ಬಡ್ಡಿಯನ್ನೂ ಸದ್ಯಕ್ಕೆ ಬಿಟ್ಟುಬಿಡೋಣ.) ನಾಳೆ ಈ ಶೇರನ್ನು 1,000 ರೂಪಾಯಿಗೆ ಕೊಳ್ಳುವ ಹಕ್ಕು ನಿಮಗೆ ಬೇಕು. ಶೇರು 1,040 ಆದರೆ ಆ ಹಕ್ಕಿಗೆ 40 ರೂಪಾಯಿ ಬೆಲೆ. 960 ಆದರೆ ಸೊನ್ನೆ.

“ಶೇರು ಏರುವ ಸಾಧ್ಯತೆ ಎಷ್ಟು ಅಂತ ಗೊತ್ತಾಗದೆ ಬೆಲೆ ಹೇಗೆ ಹೇಳೋದು?” ಎಂದು ನೀವು ಕೇಳಬಹುದು. ಇಲ್ಲಿಯೇ ಇರುವುದು ಚಮತ್ಕಾರ. ಏರುವ ಸಾಧ್ಯತೆ ಗೊತ್ತಿಲ್ಲದೆಯೂ ಬೆಲೆ ಹೇಳಬಹುದು.

ಹಕ್ಕನ್ನು ಮಾರುವವರ ಕಡೆಯಿಂದ ನೋಡಿ. ಅವರು ನಿಮ್ಮಿಂದ 20 ರೂಪಾಯಿ ಪಡೆಯುತ್ತಾರೆ, 480 ರೂಪಾಯಿ ಸಾಲ ಮಾಡುತ್ತಾರೆ, ಒಟ್ಟು 500 ರೂಪಾಯಿಗೆ ಅರ್ಧ ಶೇರು ಕೊಂಡಿಟ್ಟುಕೊಳ್ಳುತ್ತಾರೆ. (ಅರ್ಧ ಶೇರು ಸಿಗುವುದಿಲ್ಲವಲ್ಲ ಎಂದರೆ, ಎರಡು ಹಕ್ಕಿಗೆ ಒಂದು ಶೇರು ಎಂದುಕೊಳ್ಳಿ.) ನಾಳೆ ಏನಾಗುತ್ತದೆ?

ಶೇರು 1,040 ಆದರೆ: ಅವರ ಅರ್ಧ ಶೇರಿನ ಬೆಲೆ 520. ಸಾಲ 480 ತೀರಿಸಿ ಉಳಿಯುವುದು 40. ನಿಮಗೆ ಕೊಡಬೇಕಾದದ್ದೂ 40.

ಶೇರು 960 ಆದರೆ: ಅರ್ಧ ಶೇರಿನ ಬೆಲೆ 480. ಸಾಲ ತೀರಿಸಿದರೆ ಸೊನ್ನೆ. ನಿಮಗೆ ಕೊಡಬೇಕಾದದ್ದೂ ಸೊನ್ನೆ.

ಎರಡೂ ದಾರಿಯಲ್ಲಿ ಲೆಕ್ಕ ಚುಕ್ತಾ. ಹಾಗಾಗಿ ಈ ಹಕ್ಕಿನ ಬೆಲೆ 20 ರೂಪಾಯಿ. ಯಾರಾದರೂ ಇದನ್ನು 25ಕ್ಕೆ ಕೊಂಡರೆ, ಮಾರಿದವರಿಗೆ ಶೇರು ಏರಲಿ ಇಳಿಯಲಿ 5 ರೂಪಾಯಿ ಪುಕ್ಕಟೆ ಲಾಭ. ಯಾರಾದರೂ 15ಕ್ಕೆ ಮಾರಿದರೆ, ಕೊಂಡವರು ಇದೇ ಆಟವನ್ನು ತಿರುಗಿಸಿ ಆಡಿ 5 ರೂಪಾಯಿ ಪುಕ್ಕಟೆ ಪಡೆಯುತ್ತಾರೆ. ಪುಕ್ಕಟೆ ಹಣ ಕಂಡರೆ ಪೇಟೆಯ ಕಂಪ್ಯೂಟರ್‌ಗಳು ಬೆಲ್ಲಕ್ಕೆ ಇರುವೆಯಂತೆ ಮುತ್ತುತ್ತವೆ. ಅವು ಮುತ್ತಿದಾಗ ಬೆಲೆ ಮತ್ತೆ 20ಕ್ಕೆ ಬಂದು ನಿಲ್ಲುತ್ತದೆ.

ಗಮನಿಸಿ, ಈ ಲೆಕ್ಕದಲ್ಲಿ ‘ಶೇರು ಏರುತ್ತದೆ’ ಎಂಬ ಯಾರ ಭವಿಷ್ಯವೂ ಇಲ್ಲ. ಇರುವುದು ಎಷ್ಟು ಏರಿಳಿಯುತ್ತದೆ ಎಂಬ ಅಂದಾಜು ಮಾತ್ರ. ಇಲ್ಲಿ 20 ಎಂಬುದು 40 ಮತ್ತು ಸೊನ್ನೆಯ ನಡುವಿನ ಸರಾಸರಿ. ಅಂದರೆ ನಾಣ್ಯ ಚಿಮ್ಮಿ ತಲೆ ಬಿದ್ದರೆ ಏರಿಕೆ, ಬಾಲ ಬಿದ್ದರೆ ಇಳಿಕೆ ಎಂದುಕೊಂಡು ಲೆಕ್ಕ ಹಾಕಿದರೂ ಇದೇ ಉತ್ತರ ಬರುತ್ತದೆ. ಈ ನಾಣ್ಯ ಶೇರು ನಿಜವಾಗಿ ಏರುವ ಸಾಧ್ಯತೆಯನ್ನು ಹೇಳುವುದಿಲ್ಲ, ಬೆಲೆಯ ಲೆಕ್ಕವನ್ನು ಸುಲಭ ಮಾಡುವ ಒಂದು ಉಪಾಯ ಅಷ್ಟೇ.

ನಾಲ್ಕು ದಿನದ ಮರ

ಈಗ ಎಕ್ಸ್‌ಪೈರಿಗೆ ನಾಲ್ಕು ದಿನ ಇದೆ ಎಂದುಕೊಳ್ಳಿ. ಪ್ರತಿ ದಿನವೂ 40 ಮೇಲೆ ಅಥವಾ 40 ಕೆಳಗೆ. ಕಾಗದದ ಮೇಲೆ ಬರೆದರೆ ಕವಲೊಡೆಯುತ್ತಾ ಹೋಗುವ ಮರದಂತೆ ಕಾಣುತ್ತದೆ. ಒಟ್ಟು 16 ದಾರಿಗಳು. ಆದರೆ ಒಮ್ಮೆ ಏರಿ ಇಳಿದರೂ, ಇಳಿದು ಏರಿದರೂ ತಲುಪುವ ಜಾಗ ಒಂದೇ. ಹೀಗಾಗಿ ಕೊನೆಗೆ ಉಳಿಯುವುದು ಐದೇ ಜಾಗ:

1,160 ರೂಪಾಯಿ: 16ರಲ್ಲಿ 1 ದಾರಿ
1,080 ರೂಪಾಯಿ: 4 ದಾರಿ
1,000 ರೂಪಾಯಿ: 6 ದಾರಿ
920 ರೂಪಾಯಿ: 4 ದಾರಿ
840 ರೂಪಾಯಿ: 1 ದಾರಿ

ಈಗ ಫಾರ್ವರ್ಡ್‌ನಲ್ಲಿ ಹೇಳುವಂಥ ‘ಅಗ್ಗದ’ ಆಪ್ಶನ್ ತೆಗೆದುಕೊಳ್ಳೋಣ: ನಾಲ್ಕು ದಿನದ ಬಳಿಕ ಶೇರನ್ನು 1,080 ರೂಪಾಯಿಗೆ ಕೊಳ್ಳುವ ಹಕ್ಕು. ಶೇರು 1,160 ಮುಟ್ಟಿದರೆ ಮಾತ್ರ ಇದಕ್ಕೆ 80 ರೂಪಾಯಿ ಬೆಲೆ. ಉಳಿದ ನಾಲ್ಕು ಜಾಗದಲ್ಲೂ ಸೊನ್ನೆ. ಅಂದರೆ 16 ದಾರಿಗಳಲ್ಲಿ ಒಂದರಲ್ಲಿ 80, ಹದಿನೈದರಲ್ಲಿ ಸೊನ್ನೆ. 80ನ್ನು 16ರಿಂದ ಭಾಗಿಸಿದರೆ? ಸರಿಯಾಗಿ 5 ರೂಪಾಯಿ.

ಇದೇ ಆ ಸ್ಕ್ರೀನ್‌ಶಾಟ್‌ನ ಗುಟ್ಟು. ಐದು ರೂಪಾಯಿ ಎಂಬತ್ತಾಗುವುದು ಯಾರದೋ ಜಾಣತನದಿಂದಲ್ಲ. ಎಂಬತ್ತಾಗುವ ಆ ಒಂದು ದಾರಿಯನ್ನು ಆಗಲೇ ಎಣಿಕೆಗೆ ತೆಗೆದುಕೊಂಡೇ ಬೆಲೆಯನ್ನು ಐದು ಎಂದು ಕಟ್ಟಲಾಗಿದೆ. ಹದಿನಾರು ದಾರಿಗೆ ಹದಿನಾರು ಜನ ತಲಾ ಐದು ರೂಪಾಯಿ ಹಾಕಿದರೆ ಒಟ್ಟು 80. ಅಷ್ಟೂ ಹಣ ಒಬ್ಬರಿಗೆ ಸಿಗುತ್ತದೆ. ಆ ಒಬ್ಬರು ಸ್ಕ್ರೀನ್‌ಶಾಟ್ ಹಾಕುತ್ತಾರೆ. ಉಳಿದ ಹದಿನೈದು ಜನ ಸುಮ್ಮನಿರುತ್ತಾರೆ. ಸೋತವರು ಫೋಟೋ ತೆಗೆದು ಗ್ರೂಪಿಗೆ ಹಾಕಿದ್ದನ್ನು ಎಂದಾದರೂ ನೋಡಿದ್ದೀರಾ?

ಅಂದರೆ ಐದು ರೂಪಾಯಿ ‘ಅಗ್ಗ’ ಅಲ್ಲ. ಅದು ಆ ವಸ್ತುವಿನ ಬೆಲೆ, ಅಷ್ಟೇ.

“ಶೇರು ಏರಿತು, ನನ್ನ ಹಣ ಮಾತ್ರ ಹೋಯ್ತು!”

ಆಪ್ಶನ್ ಕೊಂಡ ಹೊಸಬರು ಹೇಳುವ ದೊಡ್ಡ ದೂರು ಇದು. ನಮ್ಮ ಪುಟ್ಟ ಮರದಲ್ಲಿಯೇ ಇದಕ್ಕೂ ಉತ್ತರ ಇದೆ.

ಶೇರು ಮೂರು ದಿನ ಏರಿ ಒಂದು ದಿನ ಇಳಿಯಿತು ಎಂದುಕೊಳ್ಳಿ. ನಾಲ್ಕು ದಿನದಲ್ಲಿ 1,000ದಿಂದ 1,080ಕ್ಕೆ ಬಂತು. ನೂರಕ್ಕೆ ಎಂಟರಷ್ಟು ಏರಿಕೆ, ಸಣ್ಣದೇನಲ್ಲ. ನಿಮ್ಮ ಊಹೆ ಸರಿಯಾಗಿಯೇ ಇತ್ತು. ಆದರೆ 1,080ಕ್ಕೆ ಕೊಳ್ಳುವ ನಿಮ್ಮ ಹಕ್ಕಿಗೆ ಬೆಲೆ? ಸೊನ್ನೆ. ಶೇರನ್ನೇ ಕೊಂಡವರಿಗೆ 80 ರೂಪಾಯಿ ಲಾಭ, ಆಪ್ಶನ್ ಕೊಂಡವರಿಗೆ ಹಾಕಿದ್ದೆಲ್ಲ ಹೋಯಿತು. ಈ ಆಪ್ಶನ್‌ನಲ್ಲಿ ನಾಲ್ಕರಲ್ಲಿ ಯಾವ ಒಂದು ದಿನ ಇಳಿದರೂ ಕಥೆ ಮುಗಿದಂತೆಯೇ.

ಎರಡನೆಯದು, ಕಾಲ ಕರಗಿಸುವ ಬೆಲೆ. 1,000 ರೂಪಾಯಿ ಸ್ಟ್ರೈಕ್‌ನ ಆಪ್ಶನ್ ನೋಡಿ. ಶೇರು 1,160 ಆಗುವ 1 ದಾರಿಯಲ್ಲಿ ಅದಕ್ಕೆ 160 ರೂಪಾಯಿ, 1,080 ಆಗುವ 4 ದಾರಿಗಳಲ್ಲಿ ತಲಾ 80, ಉಳಿದದ್ದರಲ್ಲಿ ಸೊನ್ನೆ. ಒಟ್ಟು 480, ಹದಿನಾರರಿಂದ ಭಾಗಿಸಿದರೆ 30 ರೂಪಾಯಿ. ಎರಡು ದಿನ ಕಳೆದು ಶೇರು ಮತ್ತೆ 1,000ದಲ್ಲೇ ನಿಂತಿದ್ದರೆ, ಉಳಿದ ಎರಡು ದಿನಕ್ಕೆ ಲೆಕ್ಕ ಹಾಕಿದಾಗ ಅದರ ಬೆಲೆ 20. ಶೇರಿನ ಬೆಲೆ ಒಂದು ಪೈಸೆ ಬದಲಾಗಿಲ್ಲ, ಆಪ್ಶನ್ ಮಾತ್ರ 10 ರೂಪಾಯಿ ಕಳೆದುಕೊಂಡಿತು. ಬಿಸಿಲಿಗಿಟ್ಟ ಐಸ್ ಕ್ಯಾಂಡಿಯಂತೆ, ತಿನ್ನಲಿ ಬಿಡಲಿ, ಕರಗುತ್ತಲೇ ಇರುತ್ತದೆ.

ಮೂರನೆಯದು, ಏರಿಳಿತದ ಅಂದಾಜು. ಪೇಟೆ ಇದ್ದಕ್ಕಿದ್ದಂತೆ ಶಾಂತವಾಗಿ, ದಿನಕ್ಕೆ 40ರ ಬದಲು 20 ರೂಪಾಯಿ ಮಾತ್ರ ಏರಿಳಿಯುತ್ತದೆ ಎಂದು ಎಲ್ಲರೂ ಎಣಿಸತೊಡಗಿದರೆ? 1,000 ಸ್ಟ್ರೈಕ್‌ನ ಬೆಲೆ 30ರಿಂದ 15ಕ್ಕೆ ಇಳಿಯುತ್ತದೆ. ನಮ್ಮ ಐದು ರೂಪಾಯಿಯ ಆಪ್ಶನ್ ಸೊನ್ನೆಯಾಗುತ್ತದೆ. ಯಾಕೆಂದರೆ ನಾಲ್ಕು ದಿನ ಸತತವಾಗಿ ಏರಿದರೂ ಶೇರು 1,080 ದಾಟುವುದಿಲ್ಲ.

ಚುನಾವಣಾ ಫಲಿತಾಂಶ, ಬಜೆಟ್, ಕಂಪನಿಯ ತ್ರೈಮಾಸಿಕ ಲೆಕ್ಕ ಇವುಗಳ ಹಿಂದಿನ ದಿನ ಆಪ್ಶನ್ ಬೆಲೆ ಉಬ್ಬುವುದು, ಸುದ್ದಿ ಹೊರಬಿದ್ದ ಕೂಡಲೇ ಇಳಿಯುವುದು ಇದೇ ಕಾರಣಕ್ಕೆ. ನಮ್ಮಲ್ಲಿ ನಿಫ್ಟಿ ಆಪ್ಶನ್‌ಗಳ ಬೆಲೆಯಿಂದ ಹಿಮ್ಮುಖವಾಗಿ ಲೆಕ್ಕ ಹಾಕಿ ಈ ಅಂದಾಜನ್ನು ಹೇಳುವ ಸೂಚ್ಯಂಕವೇ ಇದೆ, ಅದರ ಹೆಸರು ‘ಇಂಡಿಯಾ ವಿಕ್ಸ್’. ಎನ್‌ಎಸ್‌ಇ ತಾಣದ ಆಪ್ಶನ್ ಪಟ್ಟಿಯಲ್ಲಿ ‘ಐವಿ’ ಎಂಬ ಕಾಲಂ ಇರುತ್ತದೆ. ಅದೂ ಇದೇ ಅಂದಾಜು.

ನೊಬೆಲ್ ಸೂತ್ರದ ಕಥೆ

1900ರಲ್ಲಿ ಪ್ಯಾರಿಸ್‌ನಲ್ಲಿ ಲೂಯಿ ಬಶೆಲಿಯೇ ಎಂಬ ಗಣಿತಜ್ಞ ತನ್ನ ಡಾಕ್ಟರೇಟ್ ಪ್ರಬಂಧದಲ್ಲಿ ಆಪ್ಶನ್ ಬೆಲೆಗೆ ಗಣಿತ ಹಚ್ಚಿದ. ಬೆಲೆಗಳು ದಿಕ್ಕಿಲ್ಲದೆ ಅತ್ತಿತ್ತ ತೂರಾಡುತ್ತವೆ ಎಂಬುದು ಅವನ ಲೆಕ್ಕದ ಬುನಾದಿ. ಅನೇಕ ದಶಕ ಆ ಪ್ರಬಂಧವನ್ನು ಹೆಚ್ಚು ಜನ ಗಮನಿಸಲಿಲ್ಲ.

1973ರಲ್ಲಿ ಫಿಷರ್ ಬ್ಲಾಕ್ ಮತ್ತು ಮೈರನ್ ಶೋಲ್ಸ್ ಒಂದು ಸೂತ್ರ ಪ್ರಕಟಿಸಿದರು. ರಾಬರ್ಟ್ ಮರ್ಟನ್ ಅದೇ ವರ್ಷ ಅದನ್ನು ಇನ್ನಷ್ಟು ಬೆಳೆಸಿದರು. ಷಿಕಾಗೋದಲ್ಲಿ ಆಪ್ಶನ್‌ಗಳಿಗೆಂದೇ ಒಂದು ವಿನಿಮಯ ಕೇಂದ್ರ ತೆರೆದದ್ದೂ ಅದೇ ವರ್ಷ. ನಾವು ಮೇಲೆ ಮಾಡಿದ ‘ಅರ್ಧ ಶೇರು, ಒಂದಿಷ್ಟು ಸಾಲ’ ಎಂಬ ಉಪಾಯವನ್ನು ಕ್ಷಣಕ್ಷಣಕ್ಕೂ ಮಾಡುತ್ತಾ ಹೋದರೆ ಏನಾಗುತ್ತದೆ ಎಂಬುದೇ ಅವರ ಸೂತ್ರದ ತಿರುಳು. 1997ರಲ್ಲಿ ಶೋಲ್ಸ್ ಮತ್ತು ಮರ್ಟನ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಸ್ಮಾರಕ ಪ್ರಶಸ್ತಿ ಬಂತು. ಬ್ಲಾಕ್ 1995ರಲ್ಲೇ ತೀರಿಕೊಂಡಿದ್ದರು.

ಈ ಸೂತ್ರಕ್ಕೆ ಐದು ಸಂಗತಿ ಬೇಕು: ಶೇರಿನ ಈಗಿನ ಬೆಲೆ, ಸ್ಟ್ರೈಕ್ ಪ್ರೈಸ್, ಉಳಿದ ಕಾಲ, ಬಡ್ಡಿ ದರ, ಏರಿಳಿತದ ಅಂದಾಜು. ಈ ಐದರಲ್ಲಿ ‘ನಾಳೆ ಶೇರು ಏರುತ್ತದೆಯೇ’ ಎಂಬುದು ಇಲ್ಲವೇ ಇಲ್ಲ. ಹಾಗಾಗಿ “ನೊಬೆಲ್ ಸೂತ್ರದಿಂದ ನಾಳೆಯ ದಿಕ್ಕು ಹೇಳುತ್ತೇವೆ” ಎಂದು ಯಾರಾದರೂ ಹೇಳಿದರೆ, ಅವರಿಗೆ ಸೂತ್ರ ಗೊತ್ತಿಲ್ಲ ಅಥವಾ ನಿಮಗೆ ಗೊತ್ತಿಲ್ಲ ಎಂದು ಅವರಿಗೆ ಗೊತ್ತಿದೆ. ತಕ್ಕಡಿ ಚಿನ್ನದ ತೂಕ ಹೇಳುತ್ತದೆ, ನಾಳೆ ಚಿನ್ನದ ದರ ಏರುತ್ತದೆಯೇ ಎಂದು ಹೇಳುವುದಿಲ್ಲ.

ಸೂತ್ರ ಇದ್ದ ಮೇಲೆ ಕಂಪ್ಯೂಟರ್ ಯಾಕೆ?

ಸೂತ್ರಕ್ಕೆ ಕೆಲವು ಷರತ್ತುಗಳಿವೆ. ಏರಿಳಿತ ಕೊನೆಯವರೆಗೂ ಒಂದೇ ಸಮ ಇರಬೇಕು, ಹಕ್ಕನ್ನು ಎಕ್ಸ್‌ಪೈರಿ ದಿನ ಮಾತ್ರ ಬಳಸಬೇಕು. ಇದಕ್ಕೆ ‘ಯುರೋಪಿಯನ್’ ಮಾದರಿ ಎನ್ನುತ್ತಾರೆ, ನಮ್ಮ ನಿಫ್ಟಿ ಆಪ್ಶನ್ ಈ ಬಗೆಯದು. ಅಮೆರಿಕದಲ್ಲಿ ಕಂಪನಿ ಶೇರುಗಳ ಆಪ್ಶನ್‌ಗಳನ್ನು ಸಾಮಾನ್ಯವಾಗಿ ಎಕ್ಸ್‌ಪೈರಿಗೆ ಮೊದಲು ಯಾವ ದಿನ ಬೇಕಾದರೂ ಬಳಸಬಹುದು, ಅದು ‘ಅಮೆರಿಕನ್’ ಮಾದರಿ. ಇಂಥವಕ್ಕೆ ಒಂದೇ ಸಾಲಿನ ಸೂತ್ರ ಸಾಲದು. ಆಗ ಲೆಕ್ಕವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು ಯಂತ್ರದಿಂದ ಮಾಡಿಸಬೇಕು. ಮುಖ್ಯವಾಗಿ ಮೂರು ವಿಧಾನಗಳಿವೆ.

ಒಂದು, ಮರ. ನಾವು ಬರೆದದ್ದೇ. 1979ರಲ್ಲಿ ಕಾಕ್ಸ್, ರಾಸ್, ರೂಬಿನ್‌ಸ್ಟೈನ್ ಎಂಬ ಮೂವರು ಇದನ್ನು ಸರಳವಾಗಿ ಮುಂದಿಟ್ಟರು. ನಾಲ್ಕು ಹೆಜ್ಜೆಯ ಬದಲು ನೂರು ಹೆಜ್ಜೆ ಇಟ್ಟರೆ ದಾರಿಗಳ ಸಂಖ್ಯೆ 31 ಅಂಕಿಗಳಷ್ಟು ದೊಡ್ಡದು. ಒಂದೊಂದಾಗಿ ಎಣಿಸಲು ಯಾವ ಕಂಪ್ಯೂಟರಿಗೂ ಆಗದು. ಆದರೆ ದಾರಿಗಳು ಮತ್ತೆ ಮತ್ತೆ ಕೂಡಿಕೊಳ್ಳುವುದರಿಂದ ಮರದಲ್ಲಿರುವ ಗಂಟುಗಳು 5,151 ಮಾತ್ರ. ಕೊನೆಯ ದಿನದಿಂದ ಶುರುಮಾಡಿ ಹಿಂದಕ್ಕೆ ಬರುತ್ತಾ, ಪ್ರತಿ ಗಂಟಿನಲ್ಲಿ ಮುಂದಿನ ಎರಡರ ಸರಾಸರಿ ಬರೆಯುತ್ತಾ ಹೋದರೆ ಸಾಕು. ಕಣ್ಣು ಮಿಟುಕಿಸುವುದರೊಳಗೆ ನಿಮ್ಮ ಫೋನೂ ಇದನ್ನು ಮಾಡಬಲ್ಲದು. ಅಮೆರಿಕನ್ ಮಾದರಿಯಾದರೆ ಪ್ರತಿ ಗಂಟಿನಲ್ಲೂ ಇನ್ನೊಂದು ಪ್ರಶ್ನೆ ಕೇಳಬೇಕು: ಈಗಲೇ ಹಕ್ಕು ಬಳಸುವುದು ಲಾಭವೋ, ಕಾಯುವುದು ಲಾಭವೋ? ಯಾವುದು ದೊಡ್ಡದೋ ಅದನ್ನು ಬರೆದರಾಯಿತು.

ಎರಡು, ಚೌಕದ ಹಾಳೆ. ಕಾದ ಕಾವಲಿಯ ಶಾಖ ನಡುವಿನಿಂದ ಅಂಚಿಗೆ ಹರಡುವುದನ್ನು ಹೇಳುವ ಸಮೀಕರಣ ಭೌತವಿಜ್ಞಾನದಲ್ಲಿದೆ. ಬ್ಲಾಕ್ ಮತ್ತು ಶೋಲ್ಸ್ ಸಮೀಕರಣ ಅದರ ಹತ್ತಿರದ ನೆಂಟ. ಶಾಖದ ಲೆಕ್ಕಕ್ಕೆ ಎಂಜಿನಿಯರ್‌ಗಳು ಬಳಸುತ್ತಿದ್ದ ವಿಧಾನವನ್ನೇ 1970ರ ದಶಕದಲ್ಲಿ ಆಪ್ಶನ್‌ಗೂ ತಂದರು. ಒಂದು ಬದಿಗೆ ಶೇರಿನ ಬೆಲೆ, ಇನ್ನೊಂದು ಬದಿಗೆ ಕಾಲ ಇರುವ ಚೌಕಗಳ ಹಾಳೆ. ಕೊನೆಯ ದಿನದ ಸಾಲು ಗೊತ್ತು. ಅಕ್ಕಪಕ್ಕದ ಚೌಕಗಳನ್ನು ನೋಡಿ ಹಿಂದಿನ ದಿನದ ಸಾಲನ್ನು ತುಂಬುತ್ತಾ ಇಂದಿನವರೆಗೆ ಬರುತ್ತಾರೆ. ಕಾಲದ ಹೆಜ್ಜೆ ತೀರಾ ದೊಡ್ಡದಾದರೆ ಈ ವಿಧಾನದ ಕೆಲವು ರೂಪಗಳಲ್ಲಿ ಅಂಕಿಗಳು ಹುಚ್ಚಾಪಟ್ಟೆ ಕುಣಿದು ಅರ್ಥವಿಲ್ಲದ ಉತ್ತರ ಬರುತ್ತದೆ. ಹೆಜ್ಜೆಯ ಅಳತೆ ಸರಿಯಾಗಿ ಆರಿಸುವುದೇ ಇಲ್ಲಿನ ಕೌಶಲ.

ಮೂರು, ನಾಣ್ಯ ಚಿಮ್ಮುವುದು. ಇದಕ್ಕೆ ‘ಮಾಂಟೆ ಕಾರ್ಲೊ’ ವಿಧಾನ ಎಂದು ಹೆಸರು, ಮೊನಾಕೊದ ಪ್ರಸಿದ್ಧ ಜೂಜುಕೇಂದ್ರದಿಂದ ಬಂದದ್ದು. 1946ರಲ್ಲಿ ಸ್ಟಾನಿಸ್ಲಾ ಉಲಾಂ ಎಂಬ ಗಣಿತಜ್ಞ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಾ ಇಸ್ಪೀಟಿನಲ್ಲಿ ಒಬ್ಬರೇ ಆಡುವ ಆಟ ಆಡುತ್ತಿದ್ದರು. ಗೆಲ್ಲುವ ಸಾಧ್ಯತೆಯನ್ನು ಗಣಿತದಿಂದ ತೆಗೆಯುವುದಕ್ಕಿಂತ ನೂರು ಸಲ ಆಡಿ ಎಣಿಸುವುದು ಸುಲಭ ಎಂದು ಅವರಿಗೆ ಹೊಳೆಯಿತು. ಅಣುಬಾಂಬ್ ಪ್ರಯೋಗಾಲಯದ ಲೆಕ್ಕಗಳಿಗೆ ಬಳಕೆಯಾದ ಈ ಉಪಾಯವನ್ನು 1977ರಲ್ಲಿ ಫೆಲಿಮ್ ಬಾಯ್ಲ್ ಆಪ್ಶನ್ ಬೆಲೆಗೆ ಹಚ್ಚಿದರು.

ಇದನ್ನು ನೀವೇ ಮನೆಯಲ್ಲಿ ಮಾಡಿ ನೋಡಬಹುದು. ಒಂದು ನಾಣ್ಯ ತೆಗೆದುಕೊಂಡು ನಾಲ್ಕು ಸಲ ಚಿಮ್ಮಿ. ತಲೆಗೆ 40 ಕೂಡಿ, ಬಾಲಕ್ಕೆ 40 ಕಳೆಯಿರಿ. 1,000ದಿಂದ ಶುರುಮಾಡಿ ಕೊನೆಗೆ 1,000ಕ್ಕಿಂತ ಎಷ್ಟು ಮೇಲಿದ್ದೀರಿ ಬರೆದುಕೊಳ್ಳಿ, ಕೆಳಗಿದ್ದರೆ ಸೊನ್ನೆ. ಹೀಗೆ ನೂರು ಸುತ್ತು ಮಾಡಿ ಸರಾಸರಿ ತೆಗೆದರೆ 30ರ ಆಸುಪಾಸಿನಲ್ಲಿ ಬರುತ್ತದೆ. ಸುಮಾರು 5 ರೂಪಾಯಿ ಹೆಚ್ಚುಕಡಿಮೆ ಆಗುವುದು ಸಹಜ. ಹತ್ತು ಸಾವಿರ ಸುತ್ತು ಮಾಡಿದರೆ ವ್ಯತ್ಯಾಸ ಸುಮಾರು 50 ಪೈಸೆಗೆ ಇಳಿಯುತ್ತದೆ. ಅಂದರೆ ತಪ್ಪು ಹತ್ತರಲ್ಲೊಂದು ಪಾಲು ಆಗಬೇಕಾದರೆ ಕೆಲಸ ನೂರು ಪಟ್ಟು ಮಾಡಬೇಕು. ನಿಧಾನ, ಆದರೆ ಹತ್ತಾರು ಶೇರುಗಳು ಒಟ್ಟಿಗೆ ಸೇರಿಕೊಂಡ ಜಟಿಲ ಆಪ್ಶನ್‌ಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ಸಿಗುವುದು ಕಷ್ಟ.

ಸೂತ್ರವೂ ಸೋಲುತ್ತದೆ

ನಮ್ಮ ಮರದಲ್ಲಿ ಶೇರು ದಿನಕ್ಕೆ 40ಕ್ಕಿಂತ ಹೆಚ್ಚು ಜಿಗಿಯುವುದಿಲ್ಲ. ನಿಜದ ಪೇಟೆಗೆ ಆ ಸಂಯಮ ಇಲ್ಲ. 1987ರ ಅಕ್ಟೋಬರ್ 19ರಂದು ಅಮೆರಿಕದ ಡೌ ಜೋನ್ಸ್ ಸೂಚ್ಯಂಕ ಒಂದೇ ದಿನ ಶೇ. 22.6ರಷ್ಟು ಕುಸಿಯಿತು. ಏರಿಳಿತ ಒಂದೇ ಸಮ ಎಂದು ನಂಬಿದ್ದ ಲೆಕ್ಕಗಳಲ್ಲಿ ಇಂಥ ದಿನ ಬರಲೇಬಾರದಿತ್ತು. ನಮ್ಮಲ್ಲೂ 2024ರ ಜೂನ್ 4ರಂದು, ಲೋಕಸಭಾ ಫಲಿತಾಂಶದ ದಿನ, ನಿಫ್ಟಿ ಸುಮಾರು ಶೇ. 6ರಷ್ಟು ಬಿದ್ದಿತು.

ಇನ್ನೊಂದು ಪಾಠ 1998ರದು. ಶೋಲ್ಸ್ ಮತ್ತು ಮರ್ಟನ್ ಇಬ್ಬರೂ ಪಾಲುದಾರರಾಗಿದ್ದ ಲಾಂಗ್ ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್ ಎಂಬ ನಿಧಿ, ನೊಬೆಲ್ ಬಂದ ಮರುವರ್ಷವೇ ಮುಳುಗುವ ಹಂತ ತಲುಪಿತು. ಅದನ್ನು ಎತ್ತಿ ನಿಲ್ಲಿಸಲು ದೊಡ್ಡ ಬ್ಯಾಂಕುಗಳು ಸೇರಿ ಸುಮಾರು 360 ಕೋಟಿ ಡಾಲರ್ ಹಾಕಬೇಕಾಯಿತು. ಸೂತ್ರ ಬರೆದವರನ್ನೇ ಸೂತ್ರ ಕಾಪಾಡಲಿಲ್ಲ.

ಹಾಗಾದರೆ ಕೊಳ್ಳುವ ಬದಲು ಮಾರೋಣವೇ?

“16ರಲ್ಲಿ 15 ಸಲ ಕೊಂಡವರು ಸೋಲ್ತಾರಲ್ಲ, ಹಾಗಾದ್ರೆ ನಾನು ಮಾರ್ತೀನಿ” ಎಂಬ ಇನ್ನೊಂದು ಫಾರ್ವರ್ಡ್ ಕೂಡ ಓಡಾಡುತ್ತಿದೆ, ‘ತಿಂಗಳಿಗೆ ಖಚಿತ ಆದಾಯ’ ಎಂಬ ಹೆಸರಿನಲ್ಲಿ. ಲೆಕ್ಕ ನೋಡಿ: 15 ಸಲ ತಲಾ 5 ರೂಪಾಯಿ ಬಂದರೆ 75. ಹದಿನಾರನೆಯ ಸಲ 80 ಕೊಡಬೇಕು, ಕೈಗೆ ಬಂದ 5 ಕಳೆದರೆ ನಷ್ಟ 75. ಒಟ್ಟು ಸೊನ್ನೆ. ಹದಿನೈದು ಸಲ ಗೆದ್ದವರು ಧೈರ್ಯ ಹೆಚ್ಚಿ ಹತ್ತು ಪಟ್ಟು ಹಣ ಹಾಕಿದಾಗಲೇ ಆ ಹದಿನಾರನೆಯ ದಿನ ಬಂದರೆ ಮನೆಯ ಒಡವೆಯೂ ಉಳಿಯುವುದಿಲ್ಲ. ಕೊಂಡವರ ನಷ್ಟಕ್ಕೆ ಮಿತಿ ಇದೆ, ಕಾಲ್ ಮಾರಿದವರ ನಷ್ಟಕ್ಕೆ ಮಿತಿಯೇ ಇಲ್ಲ.

ಇದು ಖರ್ಚಿಲ್ಲದ ಆಟದ ಲೆಕ್ಕ. ನಿಜದಲ್ಲಿ ಪ್ರತಿ ವ್ಯವಹಾರಕ್ಕೂ ಬ್ರೋಕರೇಜ್, ತೆರಿಗೆ, ವಿನಿಮಯ ಕೇಂದ್ರದ ಶುಲ್ಕ ಇದೆ. ಸರಾಸರಿ ಸೊನ್ನೆ ಇರುವ ಆಟದಲ್ಲಿ ಪ್ರತಿ ಕೈಗೂ ಟೇಬಲ್ ಬಾಡಿಗೆ ಕಟ್ಟಿದರೆ ಕೊನೆಗೆ ಉಳಿಯುವುದೇನು?

ಸೆಬಿ ಹೇಳಿದ ಅಂಕಿಗಳು

ಉತ್ತರಕ್ಕೆ ಊಹೆ ಬೇಕಿಲ್ಲ. ಶೇರು ಪೇಟೆ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿತು. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಶೇರುಗಳ ಫ್ಯೂಚರ್ಸ್ ಮತ್ತು ಆಪ್ಶನ್ ವ್ಯವಹಾರ ಮಾಡಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ನಷ್ಟ ಅನುಭವಿಸಿದ್ದರು. ಖರ್ಚೂ ಸೇರಿ ಅವರ ಸರಾಸರಿ ನಷ್ಟ ತಲಾ ಸುಮಾರು 2 ಲಕ್ಷ ರೂಪಾಯಿ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಖರ್ಚು ಕಳೆದು ಒಂದು ಲಕ್ಷಕ್ಕಿಂತ ಹೆಚ್ಚು ಲಾಭ ಮಾಡಿದವರು ನೂರಕ್ಕೆ ಒಬ್ಬರು ಮಾತ್ರ.

2023-24ರಲ್ಲಿ ಈ ವ್ಯವಹಾರಕ್ಕೆ ಇಳಿದವರಲ್ಲಿ ಶೇ. 43ರಷ್ಟು ಮಂದಿ 30 ವರ್ಷದೊಳಗಿನವರು. ನಾಲ್ಕರಲ್ಲಿ ಮೂವರಿಗಿಂತ ಹೆಚ್ಚು ಜನರ ಘೋಷಿತ ವಾರ್ಷಿಕ ಆದಾಯ 5 ಲಕ್ಷಕ್ಕಿಂತ ಕಡಿಮೆ. 2025ರ ಜುಲೈನಲ್ಲಿ ಬಂದ ಮುಂದಿನ ಅಧ್ಯಯನದಲ್ಲೂ ಚಿತ್ರ ಹೆಚ್ಚು ಬದಲಾಗಿಲ್ಲ: 2024-25ರಲ್ಲಿ ನೂರಕ್ಕೆ 91 ಮಂದಿಗೆ ನಷ್ಟ, ಒಟ್ಟು 1.05 ಲಕ್ಷ ಕೋಟಿ ರೂಪಾಯಿ.

ಹಾಗಾದರೆ ಗೆದ್ದವರು ಯಾರು? 2023-24ರಲ್ಲಿ ಸ್ವಂತ ಹಣದಲ್ಲಿ ವ್ಯವಹರಿಸುವ ಸಂಸ್ಥೆಗಳು ಖರ್ಚಿಗೆ ಮೊದಲು ಸುಮಾರು 33,000 ಕೋಟಿ, ವಿದೇಶಿ ಹೂಡಿಕೆದಾರರು ಸುಮಾರು 28,000 ಕೋಟಿ ರೂಪಾಯಿ ಲಾಭ ಮಾಡಿದರು. ಅದರಲ್ಲಿ ಶೇ. 95ಕ್ಕೂ ಹೆಚ್ಚು ಪಾಲು ಕಂಪ್ಯೂಟರ್ ಪ್ರೋಗ್ರಾಂ ಮೂಲಕ ನಡೆದ ವ್ಯವಹಾರದ್ದು. ಅಂದರೆ ಮರ, ಚೌಕದ ಹಾಳೆ, ನಾಣ್ಯ ಇಂಥ ಲೆಕ್ಕಗಳನ್ನೆಲ್ಲ ಕ್ಷಣಾರ್ಧದಲ್ಲಿ ಮಾಡಬಲ್ಲ ಯಂತ್ರಗಳು ಎದುರು ಕುಳಿತಿವೆ. ನೀವು ಬಸ್ಸಿನಲ್ಲಿ ನಿಂತುಕೊಂಡು ಟೆಲಿಗ್ರಾಂ ಸಂದೇಶ ನೋಡಿ ‘ಬೈ’ ಒತ್ತುತ್ತಿದ್ದೀರಿ.

ಆಪ್ಶನ್ ಕೆಟ್ಟದ್ದೇ?

ಅಲ್ಲ. ಅದನ್ನು ವಿಮೆಯಂತೆ ಬಳಸಬಹುದು. ನಿಮ್ಮ ಬಳಿ ಶೇರುಗಳಿದ್ದು, ಬೆಲೆ ಕುಸಿಯುವ ಭಯವಿದ್ದರೆ ಪುಟ್ ಕೊಳ್ಳಬಹುದು. ಗಾಡಿಗೆ ವಿಮೆ ಮಾಡಿಸಿ ವರ್ಷದ ಕೊನೆಗೆ “ಅಪಘಾತ ಆಗಲಿಲ್ಲ, ಹಣ ದಂಡ” ಎಂದು ಯಾರೂ ಬೇಸರಪಡುವುದಿಲ್ಲ. ಆದರೆ ಗಾಡಿಯೇ ಇಲ್ಲದೆ ವಾರಕ್ಕೊಂದು ವಿಮೆ ಕೊಂಡು ಅಪಘಾತಕ್ಕೆ ಕಾಯುವುದಿದೆಯಲ್ಲ, ಅದು ಬೇರೆಯೇ ವ್ಯವಹಾರ.

ಫಾರ್ವರ್ಡ್ ಮಾಡುವ ಮುನ್ನ

ಇಂಥ ಸಂದೇಶ ಬಂದಾಗ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ.

• ಇದು ಎಷ್ಟು ಸಲದಲ್ಲಿ ಒಂದು ಸಲ? ಉಳಿದ ಸಲಗಳ ಸ್ಕ್ರೀನ್‌ಶಾಟ್ ಎಲ್ಲಿ?
• ಎಕ್ಸ್‌ಪೈರಿಗೆ ಎಷ್ಟು ದಿನ ಇದೆ? ಅಷ್ಟರಲ್ಲಿ ಶೇರು ಎಷ್ಟು ದೂರ ಹೋಗಬೇಕು?
• ಸಲಹೆ ಕೊಡುವವರಿಗೆ ಸೆಬಿ ನೋಂದಣಿ ಇದೆಯೇ? ಸಂಖ್ಯೆಯನ್ನು ಸೆಬಿ ತಾಣದಲ್ಲಿಯೇ ಹುಡುಕಿ ನೋಡಿ, ಅವರು ಕಳಿಸಿದ ಚಿತ್ರವನ್ನು ನಂಬಬೇಡಿ.
• ‘ಖಚಿತ ಲಾಭ’ ಎಂದಿದ್ದಾರೆಯೇ? ನೋಂದಾಯಿತ ಸಲಹೆಗಾರರು ಹಾಗೆ ಭರವಸೆ ಕೊಡುವಂತಿಲ್ಲ.

ಅಪರಿಚಿತರು ಕಳಿಸಿದ ಲಿಂಕ್‌ನಿಂದ ಟ್ರೇಡಿಂಗ್ ಆ್ಯಪ್ ಹಾಕಿಕೊಂಡು ಹಣ ಕಳೆದುಕೊಂಡಿದ್ದರೆ ನಾಚಿಕೆಪಟ್ಟು ಸುಮ್ಮನಿರಬೇಡಿ, ಕೂಡಲೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ನಿಮ್ಮ ಮನೆಯಲ್ಲೋ ಗೆಳೆಯರಲ್ಲೋ ಯಾರಾದರೂ ಐದು ರೂಪಾಯಿಯ ಆಪ್ಶನ್ ಗುಂಗಿನಲ್ಲಿದ್ದರೆ ಬೈಯಬೇಡಿ, ಬುದ್ಧಿವಾದವೂ ಬೇಡ. ಕೈಗೊಂದು ನಾಣ್ಯ ಕೊಡಿ. ಸತತವಾಗಿ ನಾಲ್ಕು ತಲೆ ಬೀಳುವವರೆಗೆ ಚಿಮ್ಮಲು ಹೇಳಿ. ತಪ್ಪಿದ ಪ್ರತಿ ಸುತ್ತಿಗೂ ಐದು ರೂಪಾಯಿ ಡಬ್ಬಿಗೆ ಹಾಕಲಿ. ಡಬ್ಬಿ ತುಂಬುತ್ತಾ ಬಂದಂತೆ ಲೆಕ್ಕ ಅವರಿಗೇ ಅರ್ಥವಾಗುತ್ತದೆ.